ಎಂ.ಡಿ.ಗೂ ಸೆಕ್ಯೂರಿಟಿಯವರಿಗೂ ಒಂದೇ ಬೆಳಕು

ನೋಡಮ್ಮ, ಕಂಪನಿಯವರ ಫೋಟೋ ತೆಗೆಯುವ ಕೆಲಸ ಒಪ್ಪಿಕೊಂಡಿದ್ದೀಯ, ಸಂತೋಷ. ಮದುವೆಮನೆಯಲ್ಲಿ ಜನ ತಾವಾಗಿ ಕ್ಯಾಮೆರಾ ಮುಂದೆ ಬರುತ್ತಾರೆ. ಆಫೀಸಿನಲ್ಲಿ ಹಾಗಲ್ಲ, ಮೀಟಿಂಗ್ ನಡುವೆ ಎದ್ದು ಬಂದು, ಮೈ ಬಿಗಿಹಿಡಿದು ನಿಲ್ಲುತ್ತಾರೆ. "ಸ್ಮೈಲ್ ಮಾಡಿ" ಅನ್ನಬೇಡ. ಹೆಸರು ಹಿಡಿದು ಮಾತಾಡಿಸು, ಯಾವೂರು ಅಂತ ಕೇಳು. ಊರಿನ ಮಾತು ಬಂದರೆ ಹೆಗಲು ತಾನಾಗಿ ಸಡಿಲವಾಗುತ್ತದೆ. ಆಗ ಕ್ಲಿಕ್ ಮಾಡು.

ಜಾಗ ನೋಡಲು ಮುಂಚೆಯೇ ಹೋಗು. ಸೀಲಿಂಗಿನ ದೀಪ ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ, ಕಿಟಕಿಯ ಬೆಳಕಿನ ಜತೆ ಸೇರಿದರೆ ಮುಖದ ಬಣ್ಣ ಕೆಡುತ್ತದೆ. ಅದನ್ನು ಆಫ್ ಮಾಡಿಸಿ ನಿನ್ನ ಸಾಫ್ಟ್‌ಬಾಕ್ಸನ್ನೇ ನಂಬು. ಒಬ್ಬೊಬ್ಬರ ಫೋಟೋಗೆ 85 ಎಂಎಂ ಲೆನ್ಸ್ ಒಳ್ಳೆಯದು. ವೈಡ್ ಲೆನ್ಸ್ ಹಿಡಿದು ಹತ್ತಿರ ಹೋದರೆ ಮೂಗು ದಪ್ಪ ಕಾಣುತ್ತದೆ. ಕನ್ನಡಕದಲ್ಲಿ ದೀಪ ಹೊಳೆದರೆ ಕನ್ನಡಕ ತೆಗೆಸಬೇಡ. ದೀಪ ಎತ್ತರಿಸು, ಗದ್ದ ತುಸು ತಗ್ಗಿಸಲು ಹೇಳು. ನಿಲ್ಲುವ ಜಾಗಕ್ಕೆ ಟೇಪ್ ಅಂಟಿಸು. ದೀಪದ ದೂರ, ಎತ್ತರ, ಸೆಟ್ಟಿಂಗ್ ಎಲ್ಲ ಬರೆದಿಡು. ಆರು ತಿಂಗಳ ಮೇಲೆ ಸೇರುವವರ ಫೋಟೋ ಹಳಬರ ಫೋಟೋಗೆ ಹೊಂದಬೇಕಲ್ಲ.

ಬಣ್ಣದ ವಿಷಯದಲ್ಲಿ ಮಾತ್ರ ಕಟ್ಟುನಿಟ್ಟಾಗಿರು. ಹಿಂದೆ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್'ನಲ್ಲಿ ಬಿಳಿಯ ಹೆಂಗಸಿನ ಚಿತ್ರವಿರುತ್ತಿತ್ತು. ಆ ಮೈಬಣ್ಣಕ್ಕೆ ಸರಿಹೊಂದಿಸಿ ಪ್ರಿಂಟ್ ಹಾಕಿದರೆ ಕಪ್ಪು ಮೈಬಣ್ಣದವರ ಮುಖ ಕತ್ತಲಲ್ಲಿ ಮುಳುಗುತ್ತಿತ್ತು. ಆ ತಪ್ಪು ನಿನ್ನ ಕೈಯಿಂದ ಆಗದಿರಲಿ. ಕಪ್ಪಗಿರುವವರ ಮುಖಕ್ಕೆ ಬೆಳಕು ಸಾಲದಿದ್ದರೆ ದೀಪ ಸರಿಮಾಡು. ಫೋಟೋಶಾಪ್‌ನಲ್ಲಿ ಬೆಳ್ಳಗೆ ಮಾಡಬೇಡ. ನಾಳೆ ಮಾಯವಾಗುವ ಮೊಡವೆ ಅಳಿಸು, ಹುಟ್ಟುಮಚ್ಚೆ ಮುಟ್ಟಬೇಡ.

ಗ್ರೂಪ್ ಫೋಟೋದಲ್ಲಿ ಎರಡು ಮೂರು ಸಾಲಿದ್ದರೆ ಅಪರ್ಚರ್ ಎಫ್ 8 ಇಟ್ಟುಕೋ. ಯಾರಾದರೂ ಕಣ್ಣು ಮುಚ್ಚಿಯೇ ಇರುತ್ತಾರೆ, ಹಲವು ಸಲ ತೆಗೆ. ಅದಕ್ಕಿಂತ ಮುಖ್ಯ, ಯಾರೂ ಬಿಟ್ಟುಹೋಗಬಾರದು. 1978ರಲ್ಲಿ ಅಮೆರಿಕದ ಆಲ್ಬುಕರ್ಕಿಯಲ್ಲಿ ಮೈಕ್ರೋಸಾಫ್ಟ್‌ನ 11 ಮಂದಿ ತೆಗೆಸಿಕೊಂಡ ಫೋಟೋ ಲೋಕಕ್ಕೆಲ್ಲ ಗೊತ್ತು. ಆಫೀಸು ನೋಡಿಕೊಳ್ಳುತ್ತಿದ್ದ ಮಿರಿಯಂ ಲ್ಯೂಬೋ ಹಿಮಬಿರುಗಾಳಿಯಿಂದಾಗಿ ಅದರಲ್ಲಿಲ್ಲ. 2008ರಲ್ಲಿ ಹಳಬರು ಮತ್ತೆ ಸೇರಿ ಫೋಟೋ ತೆಗೆಸಿಕೊಂಡಾಗ ಆಕೆಗೆ ಜಾಗ ಸಿಕ್ಕಿತು. ಅಷ್ಟರಲ್ಲಿ ಆ 11 ಮಂದಿಯಲ್ಲಿ ಒಬ್ಬರಾದ ಬಾಬ್ ವ್ಯಾಲೇಸ್ ತೀರಿಕೊಂಡಿದ್ದರು. ತಪ್ಪಿದ ಗ್ರೂಪ್ ಫೋಟೋ ಮತ್ತೆ ಪೂರ್ತಿಯಾಗಿ ಸಿಗುವುದಿಲ್ಲಮ್ಮ. ರಜೆಯಲ್ಲಿ ಯಾರಿದ್ದಾರೆ ಎಂದು ವಿಚಾರಿಸಿಯೇ ದಿನ ಗೊತ್ತುಮಾಡು.

ಎಚ್‌ಆರ್ ಕೊಡುವ ಪಟ್ಟಿಯಲ್ಲಿ ಟೀ ಕೊಡುವವರ, ಗೇಟಿನಲ್ಲಿರುವ ಸೆಕ್ಯೂರಿಟಿಯವರ ಹೆಸರಿಲ್ಲದಿದ್ದರೆ ನೀನೇ ಬಾಯಿಬಿಟ್ಟು ಕೇಳು. ಎಂ.ಡಿ.ಗೆ ಕೊಟ್ಟಷ್ಟೇ ಸಮಯ ಅವರಿಗೂ ಕೊಡು. ತೆಗೆದ ಫೋಟೋವನ್ನು ಅಲ್ಲೇ ತೋರಿಸಿ, ಯಾವುದು ಇಷ್ಟವೋ ಅವರೇ ಆರಿಸಲಿ. ಮುಖ ಅವರದು; ಮೊದಲು ಅವರು ಒಪ್ಪಲಿ, ಕಂಪನಿಗೆ ಆಮೇಲೆ ಕಳಿಸು.