ಪ್ರದರ್ಶನದ ಮಳಿಗೆಯನ್ನು ಅಣಿಗೊಳಿಸುವ ಬಗೆ

ಮಕರ ಸಂಕ್ರಮಣದ ವೇಳೆಗೆ ಸೊಲ್ಲಾಪುರದಲ್ಲಿ ಶ್ರೀ ಸಿದ್ಧರಾಮೇಶ್ವರರ ಜಾತ್ರೆ ನೆರೆಯುತ್ತದೆ. ನಂದಿಧ್ವಜಗಳ ಮೆರವಣಿಗೆಯನ್ನು ಕಂಡು ಧನ್ಯರಾದ ಜನರು ಹೋಮ್ ಮೈದಾನದ ಅಂಗಡಿಗಳ ಸಾಲಿನಲ್ಲಿ ಅಡ್ಡಾಡುವುದು ವಾಡಿಕೆ. ಇಂಥ ಜಾತ್ರೆಗಳಲ್ಲಿಯೂ, ವ್ಯಾಪಾರಸ್ಥರಿಗಾಗಿಯೇ ಏರ್ಪಡುವ ಕೈಗಾರಿಕಾ ಪ್ರದರ್ಶನಗಳಲ್ಲಿಯೂ ಮಳಿಗೆ ಹಿಡಿಯುವ ಸಣ್ಣ ಉದ್ಯೋಗಸ್ಥರು ನಮ್ಮ ವಾಚಕರಲ್ಲಿ ಉಂಟು. ಚಾದರ, ಟಾವೆಲ್ಲುಗಳನ್ನು ನೇಯುವ ಸೊಲ್ಲಾಪುರದ ಮನೆತನಗಳು, ಕಡಕ್ ರೊಟ್ಟಿ ಮತ್ತು ಶೇಂಗಾ ಚಟ್ನಿಯನ್ನು ಮಾಡಿ ಮಾರುವ ಅಕ್ಕಲಕೋಟ ತಾಲೂಕಿನ ಹೆಣ್ಣುಮಕ್ಕಳು ಇವರೆಲ್ಲರಿಗಾಗಿ ಈ ಪಾಠವನ್ನು ಬರೆಯುತ್ತಿದ್ದೇವೆ.

ಒಳ್ಳೆಯ ಸರಕಿಗೆ ಡಂಗುರವೇಕೆ ಎಂದು ಕೆಲವರು ಕೇಳುವುದುಂಟು. ಈ ಪ್ರಶ್ನೆಗೆ ಲೆಕ್ಕವೇ ಉತ್ತರ ಕೊಡಲಿ. ಬಾಡಿಗೆ, ಸಾಗಾಣಿಕೆ, ದೀಪ, ಊಟ ಎಲ್ಲ ಸೇರಿ 12,000 ರೂಪಾಯಿ ಖರ್ಚಾಯಿತೆಂದೂ, ಒಂದು ಚಾದರಕ್ಕೆ 80 ರೂಪಾಯಿ ಲಾಭವೆಂದೂ ಇಟ್ಟುಕೊಳ್ಳೋಣ. ಹಾಕಿದ ಹಣ ಮರಳಬೇಕಾದರೆ 150 ಚಾದರಗಳು ಮಾರಾಟವಾಗಬೇಕು. ದಿನಕ್ಕೆ 8 ತಾಸಿನಂತೆ 5 ದಿನಕ್ಕೆ 40 ತಾಸು. ಎಂದರೆ ತಾಸಿಗೆ ಸುಮಾರು 4 ಚಾದರ. ಇದಾದ ಮೇಲೆಯೇ ಲಾಭದ ಮಾತು. ಸಾಲ ಮಾಡಿ ಮಳಿಗೆ ಹಿಡಿದವನ ಗಂಟು ಬಿಚ್ಚದೆ ಮನೆಗೆ ಮರಳಿದರೆ, ಜೂನ್ ತಿಂಗಳಲ್ಲಿ ಯಾವುದೋ ಒಂದು ಮಗುವಿನ ಹೆಸರು ನಮ್ಮ ಹಾಜರಿ ಪುಸ್ತಕದಿಂದ ಇಲ್ಲವಾಗುವ ಭಯವುಂಟು. ಆದುದರಿಂದ ಇದು ಬರಿಯ ಅಲಂಕಾರದ ವಿಷಯವಲ್ಲ.

ಮಳಿಗೆಯು ಉಗ್ರಾಣವಲ್ಲವೆಂಬುದೇ ಇಲ್ಲಿ ಮೊದಲು ತಿಳಿಯತಕ್ಕ ತತ್ತ್ವ. ಅದು ಒಂದು ಪಾಠ. ಒಳ್ಳೆಯ ಉಪಾಧ್ಯಾಯನು ಒಂದು ತಾಸಿನಲ್ಲಿ ಒಂದೇ ವಿಷಯವನ್ನು ಮನದಟ್ಟು ಮಾಡುವಂತೆ, ಮಳಿಗೆಯೂ ಒಂದೇ ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹತ್ತಡಿ ಉದ್ದ, ಹತ್ತಡಿ ಅಗಲದ ಸ್ಥಳದಲ್ಲಿ ಇನ್ನೂರು ಚಾದರಗಳನ್ನು ಒಟ್ಟಿದರೆ ಕಣ್ಣಿಗೆ ಬೀಳುವುದು ರಾಶಿಯೇ ಹೊರತು ಚಾದರವಲ್ಲ. ಅತ್ಯುತ್ತಮವಾದ ಒಂದನ್ನು ಹಿಂದಿನ ಗೋಡೆಯ ಮೇಲೆ ಪೂರ್ಣವಾಗಿ ಹರಡಿ ತೂಗುಹಾಕಿ, ನಾಲ್ಕಾರು ಮಾದರಿಗಳನ್ನು ಮುಂದಿಟ್ಟು, ಮಿಕ್ಕ ದಾಸ್ತಾನನ್ನು ಮೇಜಿನ ಕೆಳಗೆ ಮರೆಮಾಡುವುದು ಲೇಸು.

ನೋಡುವವನು ಮೂರು ಅಂತರಗಳಿಂದ ನಮ್ಮನ್ನು ಕಾಣುತ್ತಾನೆ. ದೂರದಿಂದ ಕಣ್ಣಿಗೆ ಕಾಣುವುದು ಬಣ್ಣ ಮತ್ತು ಫಲಕ. ಹತ್ತಡಿ ದೂರಕ್ಕೆ ಒಂದಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರ ಲೆಕ್ಕ. ಒತ್ತಕ್ಷರಗಳುಳ್ಳ ನಮ್ಮ ಲಿಪಿಗೆ ಇನ್ನೂ ತುಸು ದೊಡ್ಡದಾದರೆ ಒಳಿತು. ಮೂವತ್ತಡಿ ದೂರದಿಂದ ಓದಬೇಕಾದರೆ ನಾಲ್ಕಂಗುಲಕ್ಕೆ ಕಡಿಮೆ ಬೇಡ. ಕನ್ನಡ, ಮರಾಠಿ, ತೆಲುಗು, ಉರ್ದು ಬೆರೆತ ಈ ಊರಿನಲ್ಲಿ ಹೆಸರನ್ನು ಕನ್ನಡ, ಮರಾಠಿ ಎರಡರಲ್ಲಿಯೂ ಬರೆಯಿಸಬೇಕು. ಶಬ್ದಗಳು ಐದಾರಕ್ಕೆ ಮೀರಬಾರದು. ಎರಡನೆಯದು ಐದಡಿಯ ಅಂತರ. ಅಲ್ಲಿ ನಿಂತವನು ಬೆಲೆಯನ್ನು ಹುಡುಕುತ್ತಾನೆ. ಬೆಲೆ ಕಾಣದಿದ್ದರೆ ಸಂಕೋಚದ ಸ್ವಭಾವದವರು ಕೇಳದೆಯೇ ಮುಂದೆ ಸಾಗುವರು. ಮೂರನೆಯದು ಕೈಯಳತೆ. ಅರಿವೆಯನ್ನು ಕೊಳ್ಳುವ ಗೃಹಿಣಿಗೆ ಕಣ್ಣಿಗಿಂತ ಬೆರಳಿನ ಮೇಲೆ ವಿಶ್ವಾಸ ಹೆಚ್ಚು. ಮುಟ್ಟಬೇಡಿರೆಂಬ ಚೀಟಿಯನ್ನು ಅಂಟಿಸಿದವನು ತನ್ನ ವ್ಯಾಪಾರವನ್ನು ತಾನೇ ನಿಲ್ಲಿಸಿದಂತೆ.

ಹೇಳುವುದಕ್ಕಿಂತ ಮಾಡಿ ತೋರಿಸುವುದು ಮೇಲು. 1851ರಲ್ಲಿ ಲಂಡನ್ನಿನ ಗಾಜಿನ ಅರಮನೆಯಲ್ಲಿ ನಡೆದ ಮಹಾಪ್ರದರ್ಶನಕ್ಕೆ ಸುಮಾರು 60 ಲಕ್ಷ ಜನರು ಬಂದರು. ಯಂತ್ರಗಳನ್ನು ಉಗಿಯ ಬಲದಿಂದ ನಡೆಯಿಸಿಯೇ ಅಲ್ಲಿ ತೋರಿಸಿದ್ದರು. ಮಗ್ಗವನ್ನು ಹೊತ್ತು ತರುವುದು ನಮ್ಮವರಿಗೆ ಸಾಧ್ಯವಾಗದಿರಬಹುದು. ಒಂದು ಬಟ್ಟಲು ನೀರನ್ನಾದರೂ ಇಡಬಹುದಲ್ಲವೆ? ಟಾವೆಲ್ಲಿನ ನೂಲಿನ ಕುಣಿಕೆಗಳು ನೀರನ್ನು ಹೀರುವುದನ್ನು ಕಣ್ಣಾರೆ ಕಂಡವನಿಗೆ ಭಾಷಣ ಬೇಡ. ಜಾಕಾರ್ಡ್ ಮಗ್ಗದ ಚಾದರವನ್ನು ಮಗುಚಿ, ಚಿತ್ತಾರವು ಹಿಂಬದಿಯಲ್ಲಿಯೂ ನೂಲಿನಿಂದಲೇ ಮೂಡಿರುವುದನ್ನು ತೋರಿಸಿದರೆ, ಅಚ್ಚುಹಾಕಿದ ಅಗ್ಗದ ಬಟ್ಟೆಗೂ ನೇಯ್ಗೆಗೂ ಇರುವ ಭೇದ ತಾನಾಗಿ ತಿಳಿಯುತ್ತದೆ. ಚಟ್ನಿ ಮಾರುವವರು ರುಚಿಗೆ ಒಂದು ಚಿಟಿಕೆ ಕೊಡಲಿ. ಪೊಟ್ಟಣದ ಮೇಲೆ ತಯಾರಿಸಿದ ದಿನಾಂಕವೂ ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆಯೂ ಇರಲಿ.

ಸೊಲ್ಲಾಪುರದ ಚಾದರಕ್ಕೂ ಟೆರ್ರಿ ಟಾವೆಲ್ಲಿಗೂ 1999ರ ಕಾಯಿದೆಯ ಮೇರೆಗೆ ಭೌಗೋಳಿಕ ಸೂಚಕದ ರಕ್ಷಣೆ ದೊರೆತಿದೆ. ಅನ್ಯತ್ರ ನೇಯ್ದ ಬಟ್ಟೆಗೆ ಈ ಊರಿನ ಹೆಸರಿಟ್ಟು ಮಾರುವುದು ನೇಕಾರನ ಅನ್ನವನ್ನು ಕಸಿದಂತೆಯೇ ಸರಿ. ಆದುದರಿಂದ ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡವರು ಆ ಸಂಗತಿಯನ್ನು ಫಲಕದಲ್ಲಿ ಎದ್ದು ಕಾಣುವಂತೆ ಬರೆಯಿಸಬೇಕು.

ದೀಪದ ವಿಷಯದಲ್ಲಿಯೂ ಎಚ್ಚರ ಅಗತ್ಯ. ಹಳದಿ ಬೆಳಕಿನಲ್ಲಿ ನೀಲಿ ಬಣ್ಣ ಮಂಕಾಗುವುದು. ಹಗಲಿನಂಥ ಬಿಳಿಯ ದೀಪವನ್ನು ಮೇಲ್ಗಡೆ ಮುಂಭಾಗದಲ್ಲಿ ಕಟ್ಟಿ, ಬೆಳಕು ಸರಕಿನ ಮೇಲೆ ಬೀಳುವಂತೆಯೂ ಗ್ರಾಹಕನ ಕಣ್ಣಿಗೆ ಹೊಡೆಯದಂತೆಯೂ ತಿರುಗಿಸಬೇಕು. ಹತ್ತಿಯ ಅರಿವೆಗೆ ಬಿಸಿಯಾದ ದೀಪವಾಗಲಿ ಸಡಿಲ ತಂತಿಯಾಗಲಿ ತಾಗಕೂಡದು. ಮಾರುವವನು ಮೇಜಿನ ಹಿಂದೆ ಮೊಬೈಲು ನೋಡುತ್ತ ಕುಳಿತಿರಬಾರದು. ಪಕ್ಕದಲ್ಲಿ ನಿಂತು, “ಬನ್ರಿ, ನೋಡ್ರಿ” ಎಂದು ವಿನಯದಿಂದ ಕರೆಯಬೇಕು.

ಕೊನೆಯದಾಗಿ, ಒಂದು ವಹಿಯನ್ನು ಇಡಬೇಕು. ಪರಊರಿನ ವರ್ತಕನು ಅಂದು ಒಂದೇ ಚಾದರವನ್ನು ಕೊಂಡು, ಮರುತಿಂಗಳು ನೂರನ್ನು ಬೇಡಬಹುದು. ಅವನ ಹೆಸರು, ಊರು, ಬೇಡಿಕೆಗಳನ್ನು ಒಪ್ಪಿಗೆ ಪಡೆದು ಬರೆದುಕೊಂಡು, ಎಂಟು ದಿನಗಳೊಳಗಾಗಿ ವಿಚಾರಿಸದಿದ್ದರೆ ಪಟ್ಟ ಶ್ರಮದ ಅರ್ಧ ಫಲ ಕೈಬಿಟ್ಟಿತೆಂದೇ ತಿಳಿಯಬೇಕು.

ಫಲಕವನ್ನು ತಪ್ಪಿಲ್ಲದೆ ಬರೆಯುವುದು, ಬೆಲೆಚೀಟಿ ಕತ್ತರಿಸುವುದು, ಸಂಜೆಯ ಲೆಕ್ಕ ಕೂಡಿಸುವುದು ಇವೆಲ್ಲ ಏಳನೆಯ ಇಯತ್ತೆಯ ವಿದ್ಯಾರ್ಥಿಗೆ ಸಾಧ್ಯವಾದ ಕೆಲಸಗಳು. ಪಾಲಕರು ರಜೆಯ ದಿನದಲ್ಲಿ ಮಕ್ಕಳನ್ನು ಇದರಲ್ಲಿ ತೊಡಗಿಸಲಿ. ಕೆರೆ ಕಟ್ಟಿ ಕಾಯಕದ ಹಿರಿಮೆಯನ್ನು ಮೆರೆದ ಸಿದ್ಧರಾಮರ ಊರಿನಲ್ಲಿ, ದುಡಿದು ಮಾಡಿದ ಸರಕನ್ನು ಸರಿಯಾಗಿ ತೋರಿಸುವುದೂ ಕಾಯಕದ ಒಂದು ಭಾಗವೇ ಎಂದು ನಾವು ಭಾವಿಸುತ್ತೇವೆ.