ಓದುಬಳಗ ಕಟ್ಟೋಣ: ಹತ್ತು ಮಂದಿಗೂ ಒಂದೇ ಕತೆ

ಯಲಹಂಕ ಉಪನಗರದಲ್ಲೋ ಯಶವಂತಪುರದ ಅಪಾರ್ಟ್‌ಮೆಂಟಿನಲ್ಲೋ ನಾಲ್ಕಾರು ಜನ ಸೇರಿ ಕನ್ನಡ ಪುಸ್ತಕ ಓದೋಣವೆಂದು ಹೊರಟರೆ ಮೊದಲು ಎದುರಾಗುವುದು ಪ್ರತಿಗಳ ತೊಂದರೆ. ಕನ್ನಡ ಪುಸ್ತಕ ಒಂದು ಮುದ್ರಣಕ್ಕೆ ಸಾವಿರ ಪ್ರತಿ ಬಂದರೆ ಹೆಚ್ಚು. ಹಳೆಯ ಲೇಖಕರದ್ದಾದರೆ ಅಂಗಡಿಯಲ್ಲಿ ಒಂದು ಸಿಕ್ಕರೆ ಪುಣ್ಯ. ಹತ್ತು ಮಂದಿಗೆ ಹತ್ತು ಪ್ರತಿ ಹೊಂದಿಸುವಷ್ಟರಲ್ಲಿ ಉತ್ಸಾಹವೇ ಇಳಿದಿರುತ್ತದೆ. ಅಂತರ್ಜಾಲ ನಿಜಕ್ಕೂ ನೆರವಾಗುವುದು ಇಲ್ಲೇ. ಎಲ್ಲರ ಮೊಬೈಲಿನಲ್ಲೂ ಅದೇ ಕತೆ, ಅದೇ ಪುಟ, ದುಡ್ಡಿಲ್ಲದೆ.

ಮೊದಲು ಬಳಗದ ಬಗೆ

ಮನೆಯಲ್ಲಿ ಓದಿಕೊಂಡು ಬಂದು ಚರ್ಚಿಸುವ ಬಳಗವೋ, ಕೂತಲ್ಲೇ ಓದುವ ಬಳಗವೋ ಎಂಬುದನ್ನು ಮೊದಲೇ ತೀರ್ಮಾನಿಸಿ. ನನ್ನ ಸಲಹೆ ಎರಡನೆಯದು. ಹೆಬ್ಬಾಳ ಫ್ಲೈಓವರ್ ದಾಟಿ ರಾತ್ರಿ ಮನೆ ಸೇರುವವರಿಗೆ 300 ಪುಟದ ಕಾದಂಬರಿ ಹೋಮ್‌ವರ್ಕ್ ಆಗಿಬಿಡುತ್ತದೆ. ಓದಲಾಗದವರು ಮುಜುಗರಪಟ್ಟು ಬರುವುದನ್ನೇ ಬಿಡುತ್ತಾರೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬೆಳಿಗ್ಗೆ ಸೇರುವ ‘ಕಬ್ಬನ್ ರೀಡ್ಸ್’ ಬಳಗದಲ್ಲಿ ಅವರವರ ಪುಸ್ತಕ ಅವರವರು ಮೌನವಾಗಿ ಓದುತ್ತಾರೆ, ಅಷ್ಟೆ. ಅದು ಬೇರೆ ಊರುಗಳಿಗೂ ಹಬ್ಬಿದ್ದಕ್ಕೆ ಆ ಸರಳತೆಯೇ ಕಾರಣ ಎಂದು ನನ್ನ ನಂಬಿಕೆ. ಕನ್ನಡದವರಿಗೆ ಇನ್ನೊಂದು ದಾರಿಯೂ ಇದೆ. ಕುಮಾರವ್ಯಾಸ ಭಾರತವನ್ನು ಜಗಲಿಯಲ್ಲಿ ಕೂತು ಕೇಳಿದ ನಾಡು ನಮ್ಮದು. ಒಬ್ಬರು ಗಟ್ಟಿಯಾಗಿ ಓದಲಿ, ಉಳಿದವರು ಪುಟ ನೋಡುತ್ತಾ ಕೇಳಲಿ, ಬೇಕಾದವರು ನಡುವೆ ಸರದಿ ತೆಗೆದುಕೊಳ್ಳಲಿ. ಕಣ್ಣು ಮಂಜಾದ ಹಿರಿಯರೂ ಆಗ ಹಿಂದೆ ಬೀಳುವುದಿಲ್ಲ.

ಕ್ಲಬ್‌ಹೌಸ್, ಉದ್ಯಾನದ ಕಲ್ಲುಬೆಂಚು, ಯಾರದಾದರೂ ಮನೆಯ ತಾರಸಿ, ಯಾವುದಾದರೂ ಸರಿ. ಆದರೆ ವಾರ ಮತ್ತು ಹೊತ್ತು ಬದಲಾಗಬಾರದು.

ಏನು ಓದುವುದು, ಎಲ್ಲಿ ಹುಡುಕುವುದು

ಒಂದೇ ಕೂಟದಲ್ಲಿ ಮುಗಿಯುವ ಸಣ್ಣಕತೆಯಿಂದ ಶುರುಮಾಡಿ. 1939ರಲ್ಲಿ, ಇನ್ನೂ 27ರ ವಯಸ್ಸಿಗೇ ತೀರಿಕೊಂಡ ಕೊಡಗಿನ ಗೌರಮ್ಮನವರ ಕತೆಗಳು ಇದಕ್ಕೆ ಹೇಳಿಮಾಡಿಸಿದಂತಿವೆ. ಭಾಷೆ ತಿಳಿ, ಪ್ರಶ್ನೆಗಳು ಇಂದಿನವು. ‘ವಾಣಿಯ ಸಮಸ್ಯೆ’ ಓದಿದ ಮೇಲೆ ಯಾರೂ ಸುಮ್ಮನೆ ಎದ್ದುಹೋಗಲಾರರು.

ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಮಾಡಿದ ಹಳೆಯ ಕನ್ನಡ ಪುಸ್ತಕಗಳು ಬಹಳ ಇವೆ. ಕನ್ನಡ ಲಿಪಿಯಲ್ಲಿ ಸಿಗದಿದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಮೂರು ಬಗೆಯ ಕಾಗುಣಿತ ಹಾಕಿ ನೋಡಿ. ಎಷ್ಟೋ ಹೆಸರುಗಳನ್ನು ಅಲ್ಲಿ ಬೇಕಾಬಿಟ್ಟಿ ಬರೆದಿದ್ದಾರೆ. ಪಿಡಿಎಫ್ ಅನ್ನು ಹಿಂದಿನ ದಿನವೇ ಇಳಿಸಿಕೊಂಡು ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ. ಸ್ಕ್ಯಾನ್ ಪುಟ ಮೊಬೈಲಿನಲ್ಲಿ ಸಣ್ಣದಾಗಿ ಕಾಣುತ್ತದೆ. ಕನ್ನಡ ವಿಕಿಸೋರ್ಸ್‌ನಲ್ಲಿ ಆ ತೊಂದರೆಯಿಲ್ಲ. ಅಲ್ಲಿರುವುದು ಟೈಪಾದ ಪಠ್ಯ, ಅಕ್ಷರ ಹಿಗ್ಗಿಸಿಕೊಳ್ಳಬಹುದು. ‘ಚಿರಸ್ಮರಣೆ’ ಬರೆದ ನಿರಂಜನರ ಕೃತಿಗಳನ್ನು ಅವರ ಕುಟುಂಬ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟಿರುವುದು ನಮ್ಮೆಲ್ಲರ ಭಾಗ್ಯ.

ಜಾಲದಲ್ಲಿ ಸಿಕ್ಕಿದ್ದೆಲ್ಲ ಹಂಚಬಹುದಾದದ್ದಲ್ಲ. ಲೇಖಕರು ತೀರಿಕೊಂಡ ವರ್ಷ ಕಳೆದು 60 ವರ್ಷ ಹಕ್ಕು ಇರುತ್ತದೆ ಎನ್ನುತ್ತದೆ ನಮ್ಮ ಕಾಯ್ದೆ. ಮೊದಲು ಅದು 50 ಇತ್ತು. ಆರ್.ಟಿ. ನಗರಕ್ಕೆ ಹೆಸರು ಕೊಟ್ಟ ರವೀಂದ್ರನಾಥ ಟ್ಯಾಗೋರರ ಬರಹಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರ ತಿದ್ದುಪಡಿ ಅದನ್ನು 60 ಮಾಡಿತು. 1963ರಲ್ಲಿ ತೀರಿಕೊಂಡ ತ್ರಿವೇಣಿಯವರು ಬದುಕಿದ್ದಾಗ ಪ್ರಕಟವಾದ ಕಾದಂಬರಿಗಳು 2024ರಿಂದ ಎಲ್ಲರವು, ಅ.ನ.ಕೃ. ಅವರಿಗೆ 2031 ಮುಗಿಯಬೇಕು, ಕುವೆಂಪು ಅವರಿಗೆ 2054. ಅನುವಾದವಾದರೆ ಅನುವಾದಕರ ಹಕ್ಕು ಬೇರೆಯೇ ಲೆಕ್ಕ. ಈಗಿನ ಲೇಖಕರನ್ನು ಓದಬೇಕೆಂದರೆ ಮೈಲ್ಯಾಂಗ್‌ನಂಥ ಆ್ಯಪ್‌ನಲ್ಲಿ ಇ-ಪುಸ್ತಕವನ್ನೋ ಕೇಳುಪುಸ್ತಕವನ್ನೋ ಕೊಳ್ಳಿ. ಬರೆದವರಿಗೆ ದುಡ್ಡು ಸೇರಬೇಕು.

ಒಂದು ವಾರ ಕತೆ ಬೇಡವೆನಿಸಿದರೆ ‘ವಚನ ಸಂಚಯ’ ಜಾಲತಾಣ ತೆರೆಯಿರಿ. ಹಸಿವು, ನಾಚಿಕೆ, ನೀರು ಹೀಗೆ ಯಾವುದಾದರೂ ಒಂದು ಪದ ಕೊಟ್ಟು ಹುಡುಕಿದರೆ ಆ ಪದ ಬರುವ ವಚನಗಳನ್ನೆಲ್ಲ ತಂದಿಡುತ್ತದೆ. ಪ್ರತಿಯೊಬ್ಬರೂ ತಮಗೆ ಹಿಡಿಸಿದ ಒಂದನ್ನು ಆರಿಸಿ ಓದಲಿ. ಅರ್ಥ ತಿಳಿಯದಿದ್ದರೆ ವಿ. ಕೃಷ್ಣ ಅವರು ದಶಕಗಟ್ಟಲೆ ಕೂತು ಕಟ್ಟಿದ ‘ಅಲರ್’ ನಿಘಂಟು ಜಾಲದಲ್ಲೇ ಇದೆ, ಉಚಿತ.

ಮಕ್ಕಳು, ಕನ್ನಡ ಕಲಿಯುವವರು

ನಮ್ಮ ಉತ್ತರ ಬೆಂಗಳೂರಿನಲ್ಲಿ ಪಕ್ಕದ ಮನೆಯವರು ತೆಲುಗೋ ಉರ್ದುವೋ ಹಿಂದಿಯೋ ಆಡುವವರಾಗಿರುವುದು ಸಾಮಾನ್ಯ. ಅವರನ್ನು ಹೊರಗಿಡಬೇಡಿ. ಬೆಂಗಳೂರಿನದೇ ಆದ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ‘ಸ್ಟೋರಿವೀವರ್’ ತಾಣದಲ್ಲಿ ಒಂದೇ ಚಿತ್ರಕತೆ ಹಲವು ಭಾಷೆಗಳಲ್ಲಿದೆ. ಕತೆಗಳನ್ನು ಓದಿನ ಹಂತಕ್ಕೆ ತಕ್ಕಂತೆ ನಾಲ್ಕು ಮಟ್ಟಗಳಾಗಿ ವಿಂಗಡಿಸಿದ್ದಾರೆ. ಮೊದಲ ಮಟ್ಟದ ಕತೆ ಐದು ವರ್ಷದ ಮಗುವಿಗೂ ಆದೀತು, ಕನ್ನಡ ಅಕ್ಷರ ಈಗಷ್ಟೇ ಕಲಿತ ಸಾಫ್ಟ್‌ವೇರ್ ಎಂಜಿನಿಯರಿಗೂ ಆದೀತು. ಕ್ಲಬ್‌ಹೌಸಿನ ಟಿವಿಗೆ ಹಾಕಿ ಓದಿಸಿ. ಹಂಚಲು, ಮುದ್ರಿಸಲು ಅನುಮತಿ ಇರುವುದರಿಂದ ಪ್ರಿಂಟ್ ತೆಗೆಸಿ ಸ್ಟೇಪಲ್ ಹೊಡೆದು, ಮನೆಕೆಲಸಕ್ಕೆ ಬರುವವರ, ಕಾವಲುಗಾರರ ಮಕ್ಕಳ ಕೈಗೂ ಕೊಡಿ. ಓದಿಸಿದ ಮೇಲೆ ಪ್ರಶ್ನೆ ಕೇಳಬೇಡಿ, ನೀತಿ ಹೇಳಿಸಬೇಡಿ. ಇಷ್ಟವಾದರೆ ಮಗು ತಾನೇ ಮತ್ತೆ ಓದು ಎನ್ನುತ್ತದೆ.

ಬಳಗ ಕೆಲವು ತಿಂಗಳು ನಿಂತಿತೆಂದರೆ ಹತ್ತಿರದ ಸಾರ್ವಜನಿಕ ಗ್ರಂಥಾಲಯ ಶಾಖೆಗೆ ಒಟ್ಟಾಗಿ ಹೋಗಿ ಸದಸ್ಯರಾಗಿ. ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನೀವು ಕಟ್ಟುತ್ತಲೇ ಇದ್ದೀರಿ. ಬಳಗಕ್ಕೆ ಬೇಕಾದ ಪುಸ್ತಕಗಳ ಪಟ್ಟಿಯನ್ನೂ ವಾರಕ್ಕೊಂದು ಗಂಟೆ ಕೂರಲು ಜಾಗ ಬೇಕೆಂಬ ಕೋರಿಕೆಯನ್ನೂ ಬರೆದು, ಎಲ್ಲರೂ ಸಹಿ ಹಾಕಿ ಗ್ರಂಥಪಾಲಕರಿಗೆ ಕೊಡಿ.