ಫಾರ್ಮಸಿ ಓದುವವರಿಗೆ ಒಂದು ಮಾತು

ಬಿ.ಫಾರ್ಮಾಗೆ ಈಗಷ್ಟೇ ಸೇರಿರುವ ತಮ್ಮ ತಂಗಿಯರೇ, ಆ ನಾಲ್ಕು ವರ್ಷ ಓದಿ ಮುಗಿಸಿದವಳ ಮಾತೆಂದು ಇದನ್ನು ಕೇಳಿ.

ಫಾರ್ಮಕಾಲಜಿಯನ್ನು ಉರುಹೊಡೆಯಬೇಡಿ. ಪರೀಕ್ಷೆಯ ಮರುದಿನವೇ ಅರ್ಧ ಮರೆತಿರುತ್ತದೆ. ಗುಂಪು ಹಿಡಿದು ಓದಿ. ಎನಲಾಪ್ರಿಲ್, ರಾಮಿಪ್ರಿಲ್ ಎರಡೂ ರಕ್ತದೊತ್ತಡ ಇಳಿಸುವುದು ಒಂದೇ ದಾರಿಯಲ್ಲಿ; ಕೆಲವರಿಗೆ ಒಣಕೆಮ್ಮು ತರುವುದೂ ಎರಡಕ್ಕೂ ಇರುವ ಗುಣ. ಒಂದು ಸರಿಯಾಗಿ ಅರ್ಥವಾದರೆ ಇಡೀ ಗುಂಪು ಕೈಗೆ ಸಿಗುತ್ತದೆ.

ಚೀಟಿಯನ್ನು ಎರಡು ಸಲ ಓದುವ ಅಭ್ಯಾಸ ಕಾಲೇಜಿನಲ್ಲೇ ಬೆಳೆಯಲಿ. ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್ ಮಾತ್ರೆ ಬರೆಯುವುದು ವಾರಕ್ಕೊಂದು ದಿನಕ್ಕೆ ಮಾತ್ರ. ಗೊತ್ತಾಗದೆ ದಿನಾ ನುಂಗಿದರೆ ಜೀವಕ್ಕೇ ಅಪಾಯ. ಯಾವ ದಿನವೆಂದು ವೈದ್ಯರ ಚೀಟಿಯಲ್ಲಿ ನೋಡಿ, ‘ಸೋಮವಾರ ಮಾತ್ರ’ ಎಂದು ಕವರಿನ ಮೇಲೆ ದೊಡ್ಡದಾಗಿ ಬರೆದುಕೊಡಿ.

ರೋಗಿಗೆ ತಿಳಿಯುವಂತೆ ಹೇಳುವುದನ್ನೂ ಕಲಿಯಿರಿ. ಮಗುವಿನ ಅಮಾಕ್ಸಿಸಿಲಿನ್ ಪುಡಿ ಸಿರಪ್ ಕೊಡುವಾಗ ಬಾಟಲಿ ಕೈಯಲ್ಲಿ ಹಿಡಿದು ಗೆರೆ ತೋರಿಸಿ: ‘ಕುದಿಸಿ ಆರಿಸಿದ ನೀರು ಇಲ್ಲಿವರೆಗೆ ಹಾಕಮ್ಮ, ಪ್ರತಿ ಸಲ ಕುಲುಕಿ ಕೊಡು, ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡ.’ ಅರ್ಧ ನಿಮಿಷ ಸಾಕು.

ಕೊನೆಯ ಮಾತು. 1948ರ ಫಾರ್ಮಸಿ ಕಾಯ್ದೆಯಂತೆ, ವೈದ್ಯರ ಚೀಟಿಗೆ ಔಷಧಿ ಕೊಡುವ ಹಕ್ಕು ನೋಂದಾಯಿತ ಫಾರ್ಮಸಿಸ್ಟರದು. ಪದವಿ ಬಂದೊಡನೆ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ. ಆ ಪ್ರಮಾಣಪತ್ರವನ್ನು ಯಾರದೋ ಅಂಗಡಿಗೆ ಬಾಡಿಗೆಗೆ ಮಾತ್ರ ಕೊಡಬೇಡಿ. ನಿಮ್ಮ ಹೆಸರು ಗೋಡೆಯ ಮೇಲಿದ್ದರೆ, ಕೌಂಟರಿನಲ್ಲಿ ನೀವೇ ಇರಬೇಕು.